ಇಳಿಜಾರಿನಲ್ಲಿ ಎ.ಟಿ.ವಿ. ಬ್ರೇಕ್ ಕೈಕೊಟ್ಟಿತು: ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆಯುವುದು ಹೇಗೆ?

ಗುಡ್ಡದ ತೋಟ, ಹೊಳಲ್ಕೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಮ್ಮದು ಕೆಳಗೆ ಅಡಿಕೆ, ಹಿಂದಿನ ಗುಡ್ಡದ ಮೇಲೆ ಮಾವು. ಮೇಲಿನ ದಾರಿ ಕಿರಿದು, ಕಲ್ಲು ಜಾಸ್ತಿ. ಟ್ರ್ಯಾಕ್ಟರ್ ಹತ್ತುವುದಿಲ್ಲ. ಅದಕ್ಕೇ ಹೋದ ವರ್ಷ ಸೆಕೆಂಡ್ ಹ್ಯಾಂಡಲ್ಲಿ 500 ಸಿಸಿ ಎ.ಟಿ.ವಿ. ತಂದೆವು, ಕಲ್ಲುಮಣ್ಣಿನ ದಾರಿಯಲ್ಲೂ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್. ಎಡಗೈ ಲಿವರ್ ಒಂದನ್ನು ಹಿಡಿದರೆ ನಾಲ್ಕೂ ಹಿಡಿಯುತ್ತವೆ.

ಭಾನುವಾರ ಮಾವಿನ ಕ್ರೇಟ್ ಇಳಿಸುತ್ತಿದ್ದೆ. ಎರಡು ಟ್ರಿಪ್ ಸರಿಯಾಗಿ ಆಯಿತು. ಮೂರನೇ ಸಲ ಅರ್ಧ ಇಳಿದಿದ್ದೆ, ಲಿವರ್ ಮೆತ್ತಗಾಯಿತು. ಮುಂದಿನ ತಿರುವು ಬರುವಷ್ಟರಲ್ಲಿ ಹ್ಯಾಂಡಲ್‌ಗೆ ತಾಗುವ ತನಕ ಬಂತು. ಹಿಡಿತವೇ ಇಲ್ಲ. ಮುಂದೆ ನನ್ನ ತಮ್ಮ ನಡೆದು ಇಳಿಯುತ್ತಿದ್ದ. ಕೂಗಿದೆ, ಪಕ್ಕಕ್ಕೆ ಹಾರಿದ. ಗಾಡಿಯನ್ನು ಎಡಗಡೆ ಮಣ್ಣಿನ ದಿಬ್ಬಕ್ಕೆ ಏರಿಸಿ ನಿಲ್ಲಿಸಿದೆ. ಕ್ರೇಟೆಲ್ಲ ಉರುಳಿದವು, ನಮ್ಮಿಬ್ಬರಿಗೂ ಏನೂ ಆಗಲಿಲ್ಲ.

ವಿಚಿತ್ರ ಏನೆಂದರೆ, ಅರ್ಧ ಗಂಟೆ ಬಿಟ್ಟು ನೋಡಿದರೆ ಲಿವರ್ ಮತ್ತೆ ಮೊದಲಿನ ಹಾಗೇ ಹಿಡಿಯುತ್ತಿದೆ! ಎಲ್ಲೂ ಸೋರಿಲ್ಲ. ಹತ್ತಿರದ ಗ್ಯಾರೇಜಿನಲ್ಲಿ ತೋರಿಸಿದೆ. ಲಿವರ್ ಒತ್ತಿ ನೋಡಿದರು, ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಗೆ ಸ್ವಲ್ಪ ಆಯಿಲ್ ಸೇರಿಸಿದರು, ಏನೂ ತೊಂದರೆ ಇಲ್ಲ ಅಂದರು. ನನಗೆ ಧೈರ್ಯ ಬರುತ್ತಿಲ್ಲ. ಗಾಡಿ ಅಲ್ಲೇ ನಿಲ್ಲಿಸಿದ್ದೇನೆ. ಏನಾಗಿರಬಹುದು?


ಶೇಂಗಾ ಹೊಲ, ಚಳ್ಳಕೆರೆ

ಅಣ್ಣ, ನಿಮಗೆ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು. ಪ್ಯಾಡ್ ಸವೆದಿದೆಯಾ ನೋಡಿದಿರಾ? ಇನ್ನೊಂದು ಸಂಶಯ. ನಮ್ಮ ಟ್ರ್ಯಾಕ್ಟರ್ ಆಯಿಲ್ ಬ್ರೇಕಿನದು, ಅದಕ್ಕೆ ಹಾಕುವ ಆಯಿಲ್ ಮನೆಯಲ್ಲಿ ಮಿಕ್ಕಿರುತ್ತದೆ. ಅದು ಇದಕ್ಕೂ ಆಗುತ್ತದಾ?


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ಚಳ್ಳಕೆರೆ ತಮ್ಮನಿಗೆ ಮೊದಲು ಉತ್ತರ, ಯಾಕೆಂದರೆ ಇದು ತುಂಬಾ ಮುಖ್ಯ. ಆಗುವುದಿಲ್ಲ. ಒಂದು ಹನಿಯೂ ಬೇಡ. ಟ್ರ್ಯಾಕ್ಟರಿನ ಆಯಿಲ್ ಬ್ರೇಕ್ ಬೇರೆ, ಇದು ಬೇರೆ. ಅಲ್ಲಿ ಬ್ರೇಕಿನ ಪ್ಲೇಟುಗಳೇ ಆಯಿಲಿನಲ್ಲಿ ಮುಳುಗಿರುತ್ತವೆ, ಅದು ಪೆಟ್ರೋಲಿಯಂ ಎಣ್ಣೆ. ಇಲ್ಲಿ ನಾವು ಬಾಯಿಮಾತಿಗೆ ಬ್ರೇಕ್ ಆಯಿಲ್ ಅನ್ನುತ್ತೇವೆ, ಆದರೆ ಇದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಲಿವರ್ ಹತ್ತಿರ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್, ಚಕ್ರದ ಹತ್ತಿರ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಇವುಗಳ ಒಳಗಿನ ರಬ್ಬರ್ ಸೀಲುಗಳನ್ನು ಇದಕ್ಕೆಂದೇ ಮಾಡಿರುತ್ತಾರೆ. ಎಂಜಿನ್ ಆಯಿಲ್, ಟ್ರ್ಯಾಕ್ಟರ್ ಆಯಿಲ್, ಡೀಸೆಲ್ ತಾಗಿದರೆ ಆ ರಬ್ಬರ್ ಊದಿಕೊಳ್ಳುತ್ತದೆ. ಆಮೇಲೆ ಸೀಲು, ಹೋಸು ಎಲ್ಲಾ ಬದಲಿಸಬೇಕಾಗುತ್ತದೆ. ಡಬ್ಬಿ ತೊಳೆಯುವುದಕ್ಕೂ ಪೆಟ್ರೋಲ್ ಮುಟ್ಟಿಸಬೇಡಿ.

ಈಗ ಹೊಳಲ್ಕೆರೆ ಅಣ್ಣನ ವಿಷಯ. ನೀವು ಹೇಳಿದ 'ಅರ್ಧ ಗಂಟೆ ಬಿಟ್ಟು ಸರಿಹೋಯಿತು' ಅನ್ನುವುದರಲ್ಲೇ ಉತ್ತರ ಇದೆ. ನಿಮ್ಮ ಬ್ರೇಕ್ ಆಯಿಲ್ ಕುದಿದಿದೆ.

ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಹಿಡಿದರೆ ಪ್ಯಾಡು, ಡಿಸ್ಕು ಕಾಯುತ್ತವೆ. ಆ ಬಿಸಿ ಕ್ಯಾಲಿಪರಿನ ಪಿಸ್ಟನ್ ದಾಟಿ ಹಿಂದಿನ ಆಯಿಲಿಗೆ ಹೋಗುತ್ತದೆ. ಬ್ರೇಕ್ ಆಯಿಲಿನ ದರ್ಜೆಗೆ ಡಾಟ್ ನಂಬರ್ ಇರುತ್ತದೆ. ಹೊಸ ಡಾಟ್ 4 ಕುದಿಯಬೇಕಾದರೆ ಕಮ್ಮಿ ಎಂದರೂ 230 ಡಿಗ್ರಿ ಬೇಕು. ಆದರೆ ಈ ದ್ರವಕ್ಕೆ ಗಾಳಿಯ ತೇವ ಹೀರುವ ಗುಣ. ನೂರಕ್ಕೆ 3.7 ಭಾಗ ನೀರು ಸೇರಿತು ಅನ್ನಿ, ಅದೇ ಡಾಟ್ 4 ಸುಮಾರು 155ಕ್ಕೇ ಕುದಿಯುತ್ತದೆ. ಡಾಟ್ 3 ಆದರೆ ಹೊಸದು 205, ನೀರು ಸೇರಿದ್ದು 140. ಕುದಿದರೆ ಹಬೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಹಬೆ ಕುಗ್ಗುತ್ತದೆ. ನಿಮ್ಮ ಕೈಯ ಬಲವೆಲ್ಲ ಹಬೆ ಕುಗ್ಗಿಸುವುದಕ್ಕೇ ಹೋಯಿತು, ಪ್ಯಾಡಿನ ತನಕ ಮುಟ್ಟಲಿಲ್ಲ. ತಣ್ಣಗಾದ ಮೇಲೆ ಹಬೆ ಮತ್ತೆ ದ್ರವವಾಯಿತು, ಲಿವರ್ ಗಟ್ಟಿಯಾಯಿತು. ಅದಕ್ಕೇ ಗ್ಯಾರೇಜಿನಲ್ಲಿ ಒತ್ತಿ ನೋಡಿದಾಗ ಏನೂ ಕಾಣಲಿಲ್ಲ.

ಮೇಲಿನಿಂದ ಸೇರಿಸಿದ ಆಯಿಲ್ ಇದಕ್ಕೆ ಮದ್ದಲ್ಲ. ಕುದಿದ ಆಯಿಲ್ ಕೆಳಗೆ ಕ್ಯಾಲಿಪರಿನಲ್ಲಿ ಹಾಗೇ ಕೂತಿದೆ. ಹಳೆಯದನ್ನು ಪೂರ್ತಿ ಹೊರಗೆ ಹಾಕಬೇಕು. ಅಲ್ಲಿಯವರೆಗೆ ಗುಡ್ಡ ಹತ್ತಿಸಬೇಡಿ ಅಣ್ಣ, ಕೈಮುಗಿದು ಹೇಳುತ್ತೇನೆ.


ಶೇಂಗಾ ಹೊಲ, ಚಳ್ಳಕೆರೆ

ಸರಿ ಅಣ್ಣ, ಟ್ರ್ಯಾಕ್ಟರ್ ಆಯಿಲ್ ಮಾತು ಬಿಟ್ಟೆ. ಆದರೆ ನಮ್ಮ ಕಡೆ ಮಳೆಯೇ ಅಪರೂಪ. ಚಳ್ಳಕೆರೆ, ಹೊಳಲ್ಕೆರೆ ಗಾಳಿಯಲ್ಲಿ ಅಷ್ಟು ತೇವ ಎಲ್ಲಿಂದ ಬರಬೇಕು?


ಗುಡ್ಡದ ತೋಟ, ಹೊಳಲ್ಕೆರೆ

ಅದಕ್ಕೆ ನಾನು ಹೇಳಬೇಕಾದದ್ದು ಒಂದಿದೆ. ಗಾಡಿ ಮೊದಲು ಸಕಲೇಶಪುರ ಕಡೆ ಕಾಫಿ ತೋಟದಲ್ಲಿ ಓಡುತ್ತಿತ್ತಂತೆ. ನಾನು ತಂದ ಮೇಲೆ ಎಂಜಿನ್ ಆಯಿಲ್ ಮಾತ್ರ ಬದಲಿಸಿದ್ದೇನೆ. ಬ್ರೇಕ್ ಆಯಿಲನ್ನೂ ಬದಲಿಸಬೇಕು ಅಂತಲೇ ಗೊತ್ತಿರಲಿಲ್ಲ. ಡಬ್ಬಿಯ ಗಾಜಿನಲ್ಲಿ ನೋಡಿದರೆ ಚಹಾ ಡಿಕಾಕ್ಷನ್ ಬಣ್ಣ.


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ಮಲೆನಾಡಿನ ಮಳೆ ಕಂಡ ಗಾಡಿ ಅಲ್ವಾ, ಸರಿಹೋಯಿತು ಲೆಕ್ಕ. ರಬ್ಬರ್ ಹೋಸಿನ ಮೂಲಕ, ಡಬ್ಬಿಯ ಮುಚ್ಚಳದ ಸಂದಿಯಿಂದ ತೇವ ನಿಧಾನ ಒಳಗೆ ಸೇರುತ್ತಲೇ ಇರುತ್ತದೆ. ಪ್ರೆಷರ್ ಪಂಪಿನಿಂದ ಮುಚ್ಚಳದ ಮೇಲೇ ನೀರು ಬಿಟ್ಟು ತೊಳೆದರೆ ಇನ್ನೂ ಬೇಗ. ಒಣ ಸೀಮೆಯಲ್ಲಿ ನಿಧಾನ ಆಗಬಹುದು, ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಗಾಡಿ ಓಡಲಿ ಬಿಡಲಿ.

ಬಣ್ಣವನ್ನು ಮಾತ್ರ ನಂಬಬೇಡಿ. ಕಪ್ಪಾಗಿದ್ದರೆ ಹಳೆಯದು ಅಂತ ಗೊತ್ತಾಗುತ್ತದೆ. ಆದರೆ ತಿಳಿಯಾಗಿರುವ ಆಯಿಲಿನಲ್ಲೂ ನೀರು ಇರಬಹುದು, ಕಣ್ಣಿಗೆ ಕಾಣುವುದಿಲ್ಲ.


ದಾಳಿಂಬೆ ಅಕ್ಕ, ಹಿರಿಯೂರು

ನಮ್ಮ ಮನೆಯಲ್ಲೂ ಒಂದು ಎ.ಟಿ.ವಿ. ಇದೆ, ದಾಳಿಂಬೆ ಸಾಲುಗಳ ನಡುವೆ ಔಷಧಿ ಟ್ಯಾಂಕ್ ಎಳೆಯುವುದಕ್ಕೆ. ನಮ್ಮ ಮಾರಿಕಣಿವೆ ಅಣೆಕಟ್ಟು (ವಾಣಿವಿಲಾಸ ಸಾಗರ) ಕೋಡಿ ಬಿದ್ದ ವರ್ಷ ತಗೊಂಡಿದ್ದು, ಅದಕ್ಕೇ ಚೆನ್ನಾಗಿ ನೆನಪಿದೆ. 2022. 1933ರ ನಂತರ ಅದೇ ಮೊದಲ ಸಲ ಕೋಡಿ ಬಿದ್ದದ್ದು, ಊರೆಲ್ಲ ನೋಡುವುದಕ್ಕೆ ಹೋಗಿತ್ತು. ಆವತ್ತಿನಿಂದ ಒಂದು ಸಲವೂ ಬ್ರೇಕ್ ಆಯಿಲ್ ಬದಲಿಸಿಲ್ಲ. ನಿಮ್ಮ ಮಾತು ಓದಿ ನಿಜವಾಗಿ ಹೆದರಿಕೆ ಆಯಿತು.

ಅಣ್ಣ, ಅಂಗಡಿಯಲ್ಲಿ ಡಾಟ್ 3, 4, 5, 5.1 ಅಂತೆಲ್ಲ ಇರುತ್ತದೆ. ನಂಬರ್ ಜಾಸ್ತಿ ಇದ್ದರೆ ಒಳ್ಳೆಯದಾ? ಆಮೇಲೆ ಮಾಡುವ ಕ್ರಮ ಸ್ವಲ್ಪ ಬಿಡಿಸಿ ಬರೆಯಿರಿ. ಮನೆಯಲ್ಲೇ ಮಾಡಬಹುದು ಅಂದರೆ ನಾನೂ ನನ್ನ ಮಗಳೂ ಮಾಡುತ್ತೇವೆ.


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ಧಾರಾಳವಾಗಿ ಮಾಡಬಹುದು ಅಕ್ಕ. ಇಬ್ಬರಿದ್ದರೆ ಇನ್ನೂ ಸಲೀಸು.

ಮೊದಲು ಆಯಿಲ್. ನಿಮ್ಮ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಅಚ್ಚು ಹಾಕಿರುತ್ತಾರೆ. ಅದನ್ನೇ ತನ್ನಿ. ಡಾಟ್ 3, 4, 5.1 ಮೂರೂ ಗ್ಲೈಕಾಲ್ ಜಾತಿ. ಡಾಟ್ 5 ಮಾತ್ರ ಸಿಲಿಕೋನ್, ಸಾಮಾನ್ಯವಾಗಿ ನೇರಳೆ ಬಣ್ಣ ಇರುತ್ತದೆ. ಅದನ್ನು ಇವುಗಳ ಜೊತೆ ಬೆರೆಸಲೇಬಾರದು. 5ಕ್ಕೂ 5.1ಕ್ಕೂ ಹೆಸರಿನಲ್ಲಿ ಒಂದು ಚುಕ್ಕೆ ಅಷ್ಟೇ ವ್ಯತ್ಯಾಸ, ಒಳಗೆ ಪೂರ್ತಿ ಬೇರೆ. ಅಂಗಡಿಯವರು ಅವಸರದಲ್ಲಿ ಕೊಟ್ಟರೆ ನೀವೇ ಓದಿ ನೋಡಿ. ಒಂದು ಗಾಡಿಗೆ ಅರ್ಧ ಲೀಟರ್ ಇಟ್ಟುಕೊಂಡರೆ ಧೈರ್ಯ. ಸೀಲ್ ಒಡೆಯದ ಬಾಟಲಿಯೇ ಬೇಕು. ಹೋದ ವರ್ಷ ತೆರೆದಿಟ್ಟ ಬಾಟಲಿ ತೇವ ಕುಡಿದಿರುತ್ತದೆ, ಅದನ್ನು ಹಾಕಿದರೆ ಮಾಡಿದ ಕೆಲಸವೆಲ್ಲ ಸುಮ್ನೆ ವೇಸ್ಟ್.

ಸಾಮಾನು ಹೆಚ್ಚೇನಿಲ್ಲ. ನಿಪ್ಪಲ್‌ಗೆ (ಕ್ಯಾಲಿಪರಿನಲ್ಲಿ ಆಯಿಲ್, ಏರ್ ಹೊರಗೆ ಬಿಡುವ ಸಣ್ಣ ಬೋಲ್ಟು) ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ಸಾಮಾನ್ಯವಾಗಿ 8 ಇಲ್ಲವೇ 10. ಒಳಗೆ ಕಾಣುವಂಥ ಪ್ಲಾಸ್ಟಿಕ್ ಪೈಪು ಒಂದು ಮೊಳ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ಸಿಗುತ್ತದಲ್ಲ, ಅದು ಆಗುತ್ತದೆ. ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ನಿಪ್ಪಲ್ ಮೇಲೆ ಕೂರುತ್ತದೆ. ಡ್ರಿಪ್‌ನ ಕಪ್ಪು ಪೈಪು ಬೇಡ, ಗುಳ್ಳೆ ಕಾಣುವುದಿಲ್ಲ. ಒಂದು ಖಾಲಿ ಬಾಟಲಿ, ಒಂದು ದೊಡ್ಡ ಸಿರಿಂಜ್, ಹತ್ತಿಬಟ್ಟೆ, ಒಂದು ಬಕೆಟ್ ನೀರು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಒಂದು ಹನಿ ಕಣ್ಣಿಗೆ ಬಿದ್ದರೂ ತುಂಬಾ ಉರಿಯುತ್ತದೆ, ತಕ್ಷಣ ನೀರಿನಲ್ಲಿ ತೊಳೆಯುತ್ತಲೇ ಇರಬೇಕು. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಒರೆಸಿದರೆ ಸಾಲದು, ನೀರು ಹಾಕಿ. ಬಕೆಟ್ ಪಕ್ಕದಲ್ಲಿರಲಿ ಅಂದದ್ದು ಅದಕ್ಕೇ.

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ಬಿಚ್ಚಿದರೆ ಕೈ ಆಡುತ್ತದೆ. ಜಾಕ್ ಒಂದನ್ನೇ ನಂಬದೆ ಕೆಳಗೆ ಸ್ಟ್ಯಾಂಡ್ ಕೊಡಬೇಕು. ನಿಪ್ಪಲ್ ಸುತ್ತಲಿನ ಮಣ್ಣು ಬ್ರಷ್ಷಿನಲ್ಲಿ ತೆಗೆದು ಒರೆಸಿ. ನಮ್ಮ ಕೆಂಪು ಧೂಳು ಒಂದು ಚಿಟಿಕೆ ಒಳಗೆ ಹೋದರೂ ಸೀಲಿಗೆ ಗೀರು ಬೀಳುತ್ತದೆ.

ಡಬ್ಬಿ ಸಮವಾಗಿ ನಿಲ್ಲುವ ಹಾಗೆ ಹ್ಯಾಂಡಲ್ ತಿರುಗಿಸಿ. ಕೆಳಗೆ ಒದ್ದೆ ಬಟ್ಟೆ ಸುತ್ತಿ. ಮುಚ್ಚಳ ತೆಗೆದು, ಅದರಡಿಯ ರಬ್ಬರ್ ಹಾಳೆ ತೆಗೆದು, ಸಿರಿಂಜಿನಿಂದ ಹಳೆಯ ಆಯಿಲ್ ಹೀರಿ. ತಳದಲ್ಲಿ ಸಣ್ಣ ತೂತುಗಳಿರುತ್ತವೆ, ಅವುಗಳ ಮೇಲೆ ಸ್ವಲ್ಪ ಉಳಿದಿರಲಿ. ಡಬ್ಬಿ ಖಾಲಿ ಇರುವಾಗ ಲಿವರ್ ಮುಟ್ಟಬೇಡಿ, ಏರ್ ಒಳಗೆ ಹೋಗುತ್ತದೆ. ಹೊಸ ಆಯಿಲ್ ತುಂಬಿ, ಮುಚ್ಚಳ ಸುಮ್ನೆ ಮೇಲೆ ಇಡಿ.

ಈಗ ಯಾವ ಚಕ್ರ ಮೊದಲು? ಮಾಸ್ಟರ್ ಸಿಲಿಂಡರಿನಿಂದ ಪೈಪಿನ ದಾರಿ ಎಲ್ಲಿ ಉದ್ದವೋ ಅಲ್ಲಿಂದ ಶುರು. ಡಬ್ಬಿ ಎಡಗೈ ಕಡೆ ಇರುವ ಗಾಡಿಗೆ ಸಾಮಾನ್ಯವಾಗಿ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಕೊನೆಗೆ ಮುಂದಿನ ಎಡ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದೇ ಸರಿ. ಕಾಲಿನ ಬ್ರೇಕಿಗೆ ಬೇರೆ ಡಬ್ಬಿ ಇದ್ದರೆ ಅದಕ್ಕೂ ಪ್ರತ್ಯೇಕ ಮಾಡಬೇಕು, ಇದನ್ನು ಎಷ್ಟೋ ಜನ ಮರೆಯುತ್ತಾರೆ.

ನಿಪ್ಪಲ್‌ಗೆ ಮೊದಲು ಸ್ಪ್ಯಾನರ್ ಕೂರಿಸಿ, ಅದರ ಮೇಲೆ ಪೈಪು. ಪೈಪಿನ ಇನ್ನೊಂದು ತುದಿ ಬಾಟಲಿಯೊಳಗೆ, ಹೊಸ ಆಯಿಲಿನಲ್ಲಿ ಮುಳುಗಿರಲಿ. ಮಗಳು ಲಿವರ್ ಹತ್ತಿರ, ನೀವು ಚಕ್ರದ ಹತ್ತಿರ. ಮಗಳು ನಿಧಾನವಾಗಿ ಎರಡು ಸಲ ಒತ್ತಿ ಬಿಡಲಿ, ಮೂರನೆಯ ಸಲ ಒತ್ತಿ ಹಿಡಿಯಲಿ, 'ಹಿಡಿದೆ' ಅಂತ ಬಾಯಿಬಿಟ್ಟು ಹೇಳಲಿ. ಆಗ ನೀವು ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ. ಆಯಿಲ್ ಹೊರಗೆ ಬರುತ್ತದೆ, ಲಿವರ್ ಇಳಿಯುತ್ತದೆ. ನಿಪ್ಪಲ್ ಮುಚ್ಚಿ 'ಬಿಡು' ಅನ್ನಿ. ಆಮೇಲೇ ಅವಳು ಲಿವರ್ ಬಿಡಬೇಕು. ಇದು ತಪ್ಪಿದರೆ ಹೊರಗಿನ ಗಾಳಿ ಒಳಗೆ ಹೀರುತ್ತದೆ. ಇಡೀ ಕೆಲಸದಲ್ಲಿ ತಪ್ಪಲೇಬಾರದ ಜಾಗ ಇದೊಂದೇ. ಜೋರಾಗಿ ಪಟಪಟ ಅಂತ ಒತ್ತಬೇಡಿ. ಆಯಿಲ್ ನೊರೆಯಾದರೆ ಸಣ್ಣ ಗುಳ್ಳೆಗಳು ಬೇಗ ಬರುವುದಿಲ್ಲ.

ಇನ್ನೊಂದು ವಿಷಯ, ಲಿವರ್ ಮತ್ತು ಹ್ಯಾಂಡಲ್ ನಡುವೆ ಒಂದು ಸಣ್ಣ ಮರದ ತುಂಡು ಇಡಿ. ಹಳೆಯ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿನ ಒಳಗೋಡೆಯ ತುದಿಭಾಗ, ಸೀಲು ಯಾವತ್ತೂ ಓಡಾಡದ ಜಾಗ, ತುಕ್ಕು ಹಿಡಿದಿರುತ್ತದೆ. ಲಿವರನ್ನು ಪೂರ್ತಿ ಒತ್ತಿದರೆ ಸೀಲು ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಏರ್ ತೆಗೆಯುವ ಮುಂಚೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ತೆಗೆದ ಮೇಲೆ ಕೆಟ್ಟಿತು ಅಂತ ಜನ ಬರುತ್ತಾರೆ. ಹೆಚ್ಚಿನ ಸಲ ಇದೇ ಕಾರಣ.

ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ನೋಡಿ, ಆಯಿಲ್ ತುಂಬುತ್ತಾ ಇರಿ. ಡಬ್ಬಿ ಬತ್ತಿದರೆ ಮೊದಲಿನಿಂದ ಶುರು ಮಾಡಬೇಕು. ಪೈಪಿನಲ್ಲಿ ಹೊಸ ಬಣ್ಣ ಬಂದು, ಗುಳ್ಳೆ ನಿಂತ ಮೇಲೆ ಮುಂದಿನ ಚಕ್ರಕ್ಕೆ ಹೋಗಿ. ನಡುನಡುವೆ ಸುತ್ತಿಗೆಯ ಮರದ ಹಿಡಿಯಂಥದ್ದರಿಂದ ಕ್ಯಾಲಿಪರನ್ನು ಮೆಲ್ಲಗೆ ತಟ್ಟಿ, ಅಂಟಿಕೊಂಡ ಗುಳ್ಳೆ ಬಿಡುತ್ತದೆ. ನಿಪ್ಪಲ್ ಒಳಗೆ ತೂತಿರುವ ಸಣ್ಣ ಬೋಲ್ಟು, ಜೋರಾಗಿ ಟೈಟ್ ಮಾಡಿದರೆ ಮುರಿಯುತ್ತದೆ. ಸೋರದಷ್ಟು ಬಿಗಿ ಸಾಕು.

ಎಲ್ಲಾ ಆದ ಮೇಲೆ ಡಿಸ್ಕಿನ ಮೇಲೆ ಹನಿ ಬಿದ್ದಿದ್ದರೆ ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಲಿವರನ್ನು ಒಂದು ನಿಮಿಷ ಗಟ್ಟಿಯಾಗಿ ಹಿಡಿದು ನೋಡಿ. ನಿಧಾನ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲು ಹೋಗಿದೆ. ಮೊದಲ ಓಟ ಅಂಗಳದಲ್ಲೇ ಆಗಲಿ, ನಡಿಗೆಯ ವೇಗದಲ್ಲಿ.


ಚನ್ನಗಿರಿ ಅಡಿಕೆ

ಮೇಲಿನದನ್ನು ಓದಿದವರು ಒಂದು ಸೇರಿಸಿಕೊಳ್ಳಿ. ನನ್ನ ಗಾಡಿಯ ನಿಪ್ಪಲ್ ತುಕ್ಕು ಹಿಡಿದಿತ್ತು. ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ತಿರುಗಿಸಿದೆ, ತಲೆ ದುಂಡಾಯಿತು, ಇನ್ನೂ ಬಲ ಹಾಕಿದೆ, ಕತ್ತರಿಸಿ ಹೋಯಿತು. ಕ್ಯಾಲಿಪರ್ ಬಿಚ್ಚಿ ಲೇತ್ ಅಂಗಡಿಗೆ ಒಯ್ದು ಕೊರೆಸಬೇಕಾಯಿತು. ಎರಡು ದಿನ ಅಲೆದಾಟ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಆದರೆ ಪ್ಯಾಡಿಗೆ ಡಿಸ್ಕಿಗೆ ತಾಗದ ಹಾಗೆ ಬಟ್ಟೆ ಮುಚ್ಚಿ. ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಕೂರಿಸಿ ಮೆಲ್ಲಗೆ ತಟ್ಟಿ. ಬಿಚ್ಚುವ ಮುಂಚೆ ಒಂದು ಕೂದಲೆಳೆಯಷ್ಟು ಟೈಟ್ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚಿ. ಡಬ್ಬಿ ಮುಚ್ಚಳದ ಸ್ಕ್ರೂಗಳೂ ಹಾಗೇ. ತುದಿ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಮುಟ್ಟಲೇಬೇಡಿ.


ಶೇಂಗಾ ಹೊಲ, ಚಳ್ಳಕೆರೆ

ಹೊರಗೆ ಬಂದ ಹಳೆಯ ಆಯಿಲ್ ಏನು ಮಾಡುವುದು? ನಾವು ಎಂಜಿನ್ನಿನ ಹಳೆ ಆಯಿಲನ್ನು ಗಳೆ, ನೊಗಕ್ಕೆ ಬಳಿಯುತ್ತೇವೆ, ಗೆದ್ದಲು ಹತ್ತದಿರಲಿ ಅಂತ.


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ಇದನ್ನು ಬಳಿಯಬೇಡಿ ತಮ್ಮಾ. ನೀರಿನ ಜೊತೆ ಸಲೀಸಾಗಿ ಬೆರೆಯುತ್ತದೆ, ಮಳೆ ಬಂದರೆ ತೊಳೆದು ಹೋಗಿ ಬಾವಿಗೋ ಬಾನಿಗೋ ಸೇರುತ್ತದೆ. ದನ ನಾಯಿ ನೆಕ್ಕಿದರೆ ವಿಷ. ಮುಚ್ಚಳ ಬಿಗಿಯಾದ ಬಾಟಲಿಗೆ ಹಾಕಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಪಟ್ಟಣಕ್ಕೆ ಬಂದಾಗ ವರ್ಕ್‌ಶಾಪಿಗೆ ಕೊಡಿ. ಎಂಜಿನ್ನಿನ ಹಳೆ ಆಯಿಲ್ ಡಬ್ಬದಲ್ಲಿ ಬೆರೆಸಬೇಡಿ.


ಗುಡ್ಡದ ತೋಟ, ಹೊಳಲ್ಕೆರೆ

ನಿನ್ನೆ ನಾನೂ ತಮ್ಮನೂ ಕೂತು ಮಾಡಿದೆವು. ಬೆಳಿಗ್ಗೆ ಎಂಟಕ್ಕೆ ಶುರು, ಊಟದ ಹೊತ್ತಿಗೆ ಮುಗಿಯಿತು. ಹಿಂದಿನ ಚಕ್ರಗಳಿಂದ ಬಂದ ಆಯಿಲ್ ನೋಡಿದರೆ ನೀವು ನಂಬುವುದಿಲ್ಲ. ಕಪ್ಪು, ತಳದಲ್ಲಿ ಬೂದಿಯಂಥ ಕಸ. ಮುಂದಿನವು ಅಷ್ಟು ಕೆಟ್ಟಿರಲಿಲ್ಲ. ನಾಲ್ಕರಲ್ಲೂ ಕೊನೆಗೆ ಹೊಸ ಬಣ್ಣ ಬಂತು, ಗುಳ್ಳೆಯೂ ನಿಂತಿತು.

ಆದರೆ ಒಂದು ಸಮಸ್ಯೆ. ಲಿವರ್ ಮೊದಲಿಗಿಂತ ವಾಸಿ, ಆದರೂ ಸ್ಪಂಜಿನ ಹಾಗೆ ಇದೆ. ಎರಡು ಸಲ ಒತ್ತಿದರೆ ಗಟ್ಟಿಯಾಗುತ್ತದೆ, ಬಿಟ್ಟು ಮತ್ತೆ ಹಿಡಿದರೆ ಮೆತ್ತಗೆ. ಇನ್ನೊಂದು ಸುತ್ತು ಮಾಡಿದೆವು, ಅದೇ ಕಥೆ. ಕಾಲು ಲೀಟರ್ ಹೊಸ ಆಯಿಲ್ ಸುಮ್ನೆ ಹರಿದು ಹೋಯಿತು. ದಾವಣಗೆರೆಗೆ ಓಡಿಸಿಕೊಂಡು ಬರಲಾ ಅಣ್ಣ?


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ಓಡಿಸಿಕೊಂಡು ಮಾತ್ರ ಬೇಡ. ಬ್ರೇಕ್ ಸರಿ ಇಲ್ಲ, ಅದು ಒಂದು. ಎರಡನೆಯದು, ಇಂಥ ಗಾಡಿಗಳಲ್ಲಿ ಹೆಚ್ಚಿನವು ರಸ್ತೆಗೆ ನೋಂದಣಿ ಆಗುವಂಥವಲ್ಲ. 2020ರಲ್ಲಿ ಪೊಲಾರಿಸ್ ಕಂಪನಿಯವರು ತಮ್ಮ ಸ್ಪೋರ್ಟ್ಸ್‌ಮನ್ 570 ಎ.ಟಿ.ವಿ.ಯನ್ನು ಟ್ರ್ಯಾಕ್ಟರ್ ಎಂದು ನೋಂದಾಯಿಸುವ ಹಾಗೆ ಇಲ್ಲಿ ತಂದರು, ಅದರ ಲೆಕ್ಕ ಬೇರೆ. ತರುವುದಾದರೆ ಪಿಕಪ್‌ನಲ್ಲಿ ಹಾಕಿ ತನ್ನಿ.

ಅದಕ್ಕೂ ಮೊದಲು ಒಂದು ನೋಡಿ. ಎರಡು ಸಲ ಒತ್ತಿದರೆ ಗಟ್ಟಿ ಆಗುತ್ತದೆ ಅಂದರೆ ಒಳಗೆ ಇನ್ನೂ ಏರ್ ಇದೆ. ಆಯಿಲ್ ಹೊಸದಾಗಿದೆ, ಏರ್ ಹೋಗಿಲ್ಲ. ಹಾಗಾದರೆ ಅದು ನಿಪ್ಪಲ್‌ಗಿಂತ ಎತ್ತರದ ಜಾಗದಲ್ಲಿ ಕೂತಿದೆ. ನಾಲ್ಕೂ ಕ್ಯಾಲಿಪರಿನ ಪಕ್ಕ ಕೂತು ನೋಡಿ ಹೇಳಿ, ನಿಪ್ಪಲ್ ಮೇಲಿದೆಯಾ, ಕೆಳಗಿದೆಯಾ?


ದಾಳಿಂಬೆ ಅಕ್ಕ, ಹಿರಿಯೂರು

ನಾನೂ ಇದೇ ಗೋಳಿನಲ್ಲಿದ್ದೇನೆ ಅಣ್ಣ, ಸ್ವಲ್ಪ ಬೇರೆ ಥರ. ಮಗಳು ಊರಲ್ಲಿರಲಿಲ್ಲ. ಒಬ್ಬಳೇ ಸಿರಿಂಜಿನಿಂದ ನಿಪ್ಪಲ್ ಕಡೆಯಿಂದ ಹೀರಿದೆ. ಗುಳ್ಳೆ ಬರುತ್ತದೆ, ಬರುತ್ತದೆ, ನಿಲ್ಲುವುದೇ ಇಲ್ಲ.


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ಅಕ್ಕ, ಅದು ಒಳಗಿನ ಗಾಳಿ ಅಲ್ಲದಿರಬಹುದು. ಹೀರಿದಾಗ ನಿಪ್ಪಲಿನ ಥ್ರೆಡ್ಡಿನ ಸಂದಿಯಿಂದ ಹೊರಗಿನ ಗಾಳಿ ನುಗ್ಗಿ ಪೈಪಿನಲ್ಲಿ ಗುಳ್ಳೆಯಾಗಿ ಕಾಣುತ್ತದೆ. ಹೀರಿ ಹಳೆಯದನ್ನು ಖಾಲಿ ಮಾಡುವುದು ತಪ್ಪಲ್ಲ, ಕೊನೆಯ ಸುತ್ತನ್ನು ಮಾತ್ರ ಇಬ್ಬರು ಕೂಡಿ ಲಿವರ್ ಒತ್ತಿಯೇ ಮಾಡಿ. ಅಲ್ಲಿ ಗುಳ್ಳೆ ಕಾಣದಿದ್ದರೆ ಕೆಲಸ ಮುಗಿದಂತೆ.


ಗುಡ್ಡದ ತೋಟ, ಹೊಳಲ್ಕೆರೆ

ಅಣ್ಣ, ನೋಡಿದೆ. ಮುಂದಿನ ಎರಡೂ ಕ್ಯಾಲಿಪರಿನಲ್ಲಿ ನಿಪ್ಪಲ್ ಮೇಲೆ, ಹೋಸು ಕೆಳಗೆ. ಹಿಂದಿನ ಎರಡರಲ್ಲೂ ಉಲ್ಟಾ! ಹೋಸು ಮೇಲೆ ಸೇರುತ್ತದೆ, ನಿಪ್ಪಲ್ ಕೆಳಗೆ ನೆಲ ನೋಡುತ್ತಿದೆ. ಮೊನ್ನೆ ಮಾಡುವಾಗಲೇ ಕೈ ಹಾಕುವುದಕ್ಕೆ ಕಷ್ಟ ಆಗಿತ್ತು, ಹಿಂದೆ ಹೀಗೇ ಇರುತ್ತದೆ ಅಂದುಕೊಂಡೆ.


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ಸಿಕ್ಕಿತು ನೋಡಿ. ಯಾರೋ ಹಿಂದೆ ಪ್ಯಾಡ್ ಬದಲಿಸುವಾಗಲೋ ಬೇರಿಂಗ್ ಬದಲಿಸುವಾಗಲೋ ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದಾರೆ. ಬೋಲ್ಟು ಕೂರುತ್ತದೆ, ಬ್ರೇಕೂ ಹಿಡಿಯುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಗಾಳಿ ಮೇಲಕ್ಕೆ ಏರುತ್ತದೆ, ನೀವು ಕೆಳಗಿನ ತೂತಿನಿಂದ ಆಯಿಲ್ ಮಾತ್ರ ಹೊರಗೆ ಬಿಡುತ್ತಿದ್ದೀರಿ. ನೂರು ಸಲ ಮಾಡಿದರೂ ಆ ಗುಳ್ಳೆ ಅಲ್ಲೇ ಕೂತಿರುತ್ತದೆ.

ಎರಡನ್ನೂ ಅದಲು ಬದಲು ಮಾಡಿ ಅವುಗಳ ಜಾಗಕ್ಕೆ ಹಾಕಿ. ಹೋಸು ಬಿಚ್ಚುವಾಗ ಅದರ ಬೋಲ್ಟಿನ ಎರಡೂ ಕಡೆ ಮೆತ್ತನೆಯ ವಾಷರ್ ಇರುತ್ತವೆ, ಅವನ್ನು ಹೊಸದಾಗಿ ಹಾಕಿ. ಹಳೆಯದು ಒಮ್ಮೆ ಅದುಮಿರುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ, ಸೋರುತ್ತದೆ. ಹೋಸು ಎಲ್ಲೂ ತಿರುಚದ ಹಾಗೆ, ಚಕ್ರಕ್ಕೆ ಉಜ್ಜದ ಹಾಗೆ ಕೂರಿಸಿ. ಪ್ಯಾಡು ಯಾವ ಕಡೆ ಸವೆದಿದೆಯೋ ಅದೇ ಕಡೆಗೆ ಉಳಿಯಲಿ. ಆಮೇಲೆ ಮತ್ತೆ ಹಿಂದಿನ ಬಲದಿಂದ ಶುರು ಮಾಡಿ.

ರಾತ್ರಿ ಲಿವರನ್ನು ಅರ್ಧ ಒತ್ತಿ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಬಿಡಿ ಅಂತ ಕೆಲವರು ಹೇಳುತ್ತಾರೆ. ಸಣ್ಣಪುಟ್ಟ ಗುಳ್ಳೆ ಉಳಿದಿದ್ದರೆ ಎಷ್ಟೋ ಸಲ ಅದು ಕೆಲಸ ಮಾಡುತ್ತದೆ. ಆದರೆ ನಿಪ್ಪಲ್ ಉಲ್ಟಾ ಇರುವಾಗ ಅದನ್ನು ನಂಬಿ ಗುಡ್ಡ ಇಳಿಯಬಾರದು.


ಚನ್ನಗಿರಿ ಅಡಿಕೆ

ಇದನ್ನು ಓದಿ ಈಗಷ್ಟೇ ಶೆಡ್ಡಿಗೆ ಹೋಗಿ ಟಾರ್ಚ್ ಹಿಡಿದು ನೋಡಿ ಬಂದೆ. ನಮ್ಮದು ನಾಲ್ಕೂ ಮೇಲೇ ಇವೆ.


ಗುಡ್ಡದ ತೋಟ, ಹೊಳಲ್ಕೆರೆ

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ವಾಷರ್ ಚಿತ್ರದುರ್ಗದ ಬಿ.ಡಿ. ರಸ್ತೆಯ ಒಂದು ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು. ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ, ಅಳತೆ ನೋಡಿ ಕೊಟ್ಟರು. ಕ್ಯಾಲಿಪರ್ ಅದಲು ಬದಲು ಮಾಡಿ ಮತ್ತೆ ಏರ್ ತೆಗೆದೆವು. ಹಿಂದಿನ ಬಲದಿಂದ ಮೊದಲ ಸಲ ನಿಪ್ಪಲ್ ಬಿಚ್ಚಿದಾಗ ಪುಸ್ ಅಂತ ಗಾಳಿ ಬಂತು, ಪೈಪಿನಲ್ಲಿ ಒಂದು ಬೆರಳುದ್ದ ಗುಳ್ಳೆ. ತಮ್ಮ ಲಿವರ್ ಹತ್ತಿರ ಕೂತವನು 'ಅಣ್ಣಾ, ಈಗ ಕಲ್ಲಿನ ಹಾಗಿದೆ' ಅಂದ.

ಒಂದು ನಿಮಿಷ ಹಿಡಿದು ನೋಡಿದೆವು, ಇಳಿಯಲಿಲ್ಲ. ಅಂಗಳದಲ್ಲಿ ಓಡಿಸಿದೆ. ಮಾರನೆಯ ದಿನ ಖಾಲಿ ಗಾಡಿಯಲ್ಲಿ ಗುಡ್ಡ ಹತ್ತಿ ಇಳಿದೆ. ಇವತ್ತು ಎರಡೇ ಕ್ರೇಟ್ ಹಾಕಿಕೊಂಡು ಇಳಿದೆ, ಆ ತಿರುವಿನಲ್ಲಿ ಬೇಕೆಂದೇ ನಿಲ್ಲಿಸಿದೆ. ನಿಂತಿತು.

ಇನ್ನೊಂದು ಪ್ರಶ್ನೆ. ಇಳಿಯುವಾಗ ಒಂದೇ ಸಮ ಬ್ರೇಕ್ ಹಿಡಿಯುವುದೇ ತಪ್ಪಾ?


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ತುಂಬಾ ಸಂತೋಷ ಆಯಿತು ಅಣ್ಣ. ನಿಮ್ಮ ತಮ್ಮನಿಗೂ ಹೇಳಿ.

ಹೌದು, ಒಂದೇ ಸಮ ಉಜ್ಜುತ್ತಾ ಇಳಿಯಬೇಡಿ. ಇಳಿಯುವ ಮುಂಚೆಯೇ ಲೋ ಗೇರಿಗೆ ಹಾಕಿ. ನಿಮ್ಮ ಗಾಡಿಯಲ್ಲಿ ಎಂಜಿನ್ ಬ್ರೇಕಿಂಗ್ ವ್ಯವಸ್ಥೆ ಇದ್ದರೆ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಅರ್ಧ ತಡೆಯುತ್ತದೆ. ಬೆಲ್ಟ್ ಗಾಡಿಗಳಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ನಿಧಾನದಲ್ಲಿ ಬೆಲ್ಟ್ ಸಡಿಲವಾಗಿ ಗಾಡಿ ತಾನೇ ಉರುಳುತ್ತದೆ, ಆಗ ಹೊರೆಯೆಲ್ಲ ಬ್ರೇಕಿನ ಮೇಲೆ. ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡಿಯಿರಿ. ಎರಡು ಟ್ರಿಪ್ ಆದ ಮೇಲೆ ಹತ್ತು ನಿಮಿಷ ತಣ್ಣಗಾಗಲಿ. ಅಷ್ಟರಲ್ಲಿ ಕ್ರೇಟ್ ಇಳಿಸಿ ನೀರು ಕುಡಿದಿರುತ್ತೀರಿ.


ದಾಳಿಂಬೆ ಅಕ್ಕ, ಹಿರಿಯೂರು

ನಾಳೆ ಮಗಳು ಬರುತ್ತಿದ್ದಾಳೆ. ಆಯಿಲ್ ತಂದಿಟ್ಟಿದ್ದೇನೆ, ಡಾಟ್ 4, ಸೀಲ್ ಒಡೆದಿಲ್ಲ. ನಮ್ಮ ನಿಪ್ಪಲ್‌ಗೆ 8ರ ಸ್ಪ್ಯಾನರ್ ಸರಿಯಾಗಿ ಕೂತಿತು. ಲಿವರ್ ಹತ್ತಿರ ಇಡುವುದಕ್ಕೆ ಮರದ ತುಂಡನ್ನೂ ಕೊಯ್ದಿಟ್ಟೆ. ಅದು ಎಷ್ಟು ದಪ್ಪ ಇರಬೇಕು ಅಣ್ಣ?


ಪಿ.ಬಿ. ರೋಡ್ ಮೆಕ್ಯಾನಿಕ್, ದಾವಣಗೆರೆ

ಹೆಬ್ಬೆರಳಿನಷ್ಟು ದಪ್ಪ ಸಾಕು ಅಕ್ಕ. ಕಾಲಿನ ಬ್ರೇಕಿನ ಡಬ್ಬಿ ಮರೆಯಬೇಡಿ.